ಆರುಮುಗಂ ಮುಟ್ಟಿ ಆಡಿದ ಚದುರಂಗ

ಬೆಳಗಿನ ಮೊದಲ ರೈಲು ಬಂಗಾರಪೇಟೆ ದಾಟುವ ಹೊತ್ತು. ಬಡಗಿ ಕೋದಂಡಪ್ಪ ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಾರೆ. ನಿದ್ದೆಯಲ್ಲ. ತೊಡೆಯ ಮೇಲೆ ಮರದ ಹಲಗೆ. ಬೆರಳುಗಳು ಅದರ ಮೇಲೆ ಮೆಲ್ಲಗೆ ಸರಿಯುತ್ತಿವೆ. ಒಂದು ಕಡೆ ಸಿಬಿರು ತಗುಲಿತು. ಕಣ್ಣು ಬಿಡದೆಯೇ ಉಪ್ಪುಕಾಗದ ತೆಗೆದು ಉಜ್ಜುತ್ತಾರೆ.

"ಕಣ್ ಬಿಟ್ರೆ ಎಲ್ಲಾ ನುಣ್ಣಗೇ ಕಾಣ್ತದೆ ಸಾಮಿ. ಆಡೋರ್ ಬೆರಳಿಗೆ ಚುಚ್ಚಿದ್ಮೇಲೆ ಗೊತ್ತಾಗಾದು" ಎಂದು ನಗುತ್ತಾರೆ.

ಹಗಲೆಲ್ಲ ಬಾಗಿಲು, ಕಿಟಕಿ, ತೊಟ್ಟಿಲಿನ ಕೆಲಸ. ಅದಕ್ಕೂ ಮುಂಚಿನ ಈ ಹೊತ್ತು ಮಾತ್ರ ಕಣ್ಣಿಲ್ಲದವರ ಚದುರಂಗಕ್ಕೆ ಮೀಸಲು. ಹಲಗೆಯ ಕರಿ ಮನೆಗಳು ಬಿಳಿಯವಕ್ಕಿಂತ ಒಂದಿಷ್ಟು ಎತ್ತರ. ಪ್ರತಿ ಮನೆಗೂ ಒಂದು ತೂತು. ಕಾಯಿಯ ಬುಡದ ಮೊಳೆ ಅದರಲ್ಲಿ ಕೂರುವುದರಿಂದ ಕೈ ತಗುಲಿದರೂ ಉರುಳುವುದಿಲ್ಲ. ಕರಿ ಕಾಯಿಗಳ ನೆತ್ತಿಯಲ್ಲಿ ಹಿತ್ತಾಳೆಯ ಗುಬಟು. ಮುಟ್ಟಿದರೆ ಸಾಕು, ಯಾರ ಕುದುರೆ ಎಂದು ತಿಳಿಯುತ್ತದೆ.

ಇದಕ್ಕೆಲ್ಲ ಕಾರಣ ಆಂಡರ್ಸನ್‌ಪೇಟೆಯ ಆರುಮುಗಂ. ಚಿನ್ನದ ಗಣಿ ಮೈಸೂರು ಮೈನ್ಸ್‌ನಲ್ಲಿ ಕೆಲಸಕ್ಕಿದ್ದ, ಚದುರಂಗದಲ್ಲಿ ಸೋಲೇ ಕಾಣದ ಆಳು. ವಯಸ್ಸು ಮೂವತ್ತು ದಾಟುತ್ತಿದ್ದಂತೆ ಬೇನೆಯೊಂದು ಎರಡೂ ಕಣ್ಣುಗಳನ್ನು ಕಸಿದುಕೊಂಡಿತು. ಎಪ್ಪತ್ತೈದನೇ ಇಸವಿಯಲ್ಲಿ ಕೋದಂಡಪ್ಪ ಈ ಆರುಮುಗಂ ಅವರ ಮನೆಯ ಬಾಗಿಲು ಸರಿಮಾಡಲು ಹೋದಾಗ ಒಳಗೆ ಗೆಳೆಯರೊಂದಿಗೆ ಆಟ ನಡೆದಿತ್ತು. ಆರುಮುಗಂ ಅವರ ತಡಕಾಡುವ ಕೈಗೆ ಸಿಕ್ಕಿ ಕಾಯಿಗಳೆಲ್ಲ ನೆಲಕ್ಕುರುಳಿದವು. "ಇನ್ಮೇಲೆ ನನ್ನನ್ನ ಕರೀಬೇಡ್ರಪ್ಪಾ" ಎಂದು ಅವರು ಎದ್ದು ಗೋಡೆ ಹಿಡಿದು ಒಳಮನೆಗೆ ನಡೆದುಬಿಟ್ಟರು.

"ಆ ಗಂಡ್ಸು ಗೋಡೆ ಹಿಡ್ಕೊಂಡ್ ಹೋಗಿದ್ದು ನೋಡಿ ನಂಗೆ ಅನ್ನ ಸೇರ್ಲಿಲ್ಲ" ಎನ್ನುತ್ತಾರೆ ಕೋದಂಡಪ್ಪ.

ಮರುವಾರವೇ ತೂತು ಕೊರೆದ ಹಲಗೆ ಹಿಡಿದು ಹೋದರು. ಆರುಮುಗಂ ಹಟ ಬಿಟ್ಟು ಕೂತರು, ಗೆಲುವಿನ ಹುರುಪಿನಲ್ಲಿ ಆನೆಯೊಂದನ್ನು ಮುಂದೆ ಸರಿಸಿದರು. "ಅಣ್ಣಾ, ಅದು ನನ್ನಾನೆ!" ಎಂದು ಕೋದಂಡಪ್ಪ ಕೂಗಿದರು. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಹಿತ್ತಾಳೆ ಗುಬಟು ಬಂದದ್ದು ಆಮೇಲೆ.

ಇಂಥ ಹಲಗೆಗಳು ದೊಡ್ಡ ಊರುಗಳಲ್ಲಿ ಆಗಲೇ ಇದ್ದವೆಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಬೆಂಗಳೂರಿನ ಅಂಧರ ಪಂದ್ಯಕ್ಕೆ ಇಬ್ಬರೂ ಹೋದಾಗ ಆರುಮುಗಂ ಎದುರಾಳಿಯ ಹಲಗೆ ಸವರಿ, "ಡೇ ಕೋದಂಡಾ, ಇವರು ನಿನ್ ಹಲಗೆ ಕದ್ದವ್ರೆ!" ಎಂದರಂತೆ. ಆ ಪಂದ್ಯ ಗೆದ್ದರು. ಮುಂದೆ ಹತ್ತು ವರ್ಷ ಅಂಧರ ಚದುರಂಗದಲ್ಲಿ ಅವರದೇ ಹೆಸರು.

ಎಂಬತ್ತಾರನೇ ಇಸವಿಯಲ್ಲಿ ಆರುಮುಗಂ ತೀರಿಕೊಂಡರು. ಅವರ ನೆನಪಿಗೆ ಪಂದ್ಯ ನಡೆಸಬೇಕೆಂದು ಊರವರು ಹೊರಟಾಗ ಕೋದಂಡಪ್ಪ ಪಟ್ಟು ಹಿಡಿದರು: ಕಣ್ಣಿದ್ದವರೂ ಬಟ್ಟೆ ಕಟ್ಟಿಕೊಂಡು, ಮುಟ್ಟಿಯೇ ಆಡಬೇಕು. ಮೊದಲ ವರ್ಷ ಆಂಡರ್ಸನ್‌ಪೇಟೆಯ ಶಾಲೆಯಲ್ಲಿ ಆಟಗಾರರು ಸಿಟ್ಟಾದರು. "ನಾವೇನ್ ಕಣ್ಣಾಮುಚ್ಚಾಲೆ ಆಡಕ್ಕೆ ಬಂದಿದ್ದೀವಾ?" ಎಂದು ಅರ್ಧ ಜನ ಎದ್ದೇಬಿಟ್ಟರು.

ಮಜ್ಜಿಗೆ ಹಂಚುತ್ತಿದ್ದ ಕೋದಂಡಪ್ಪನವರ ಹೆಂಡತಿ ವರಲಕ್ಷ್ಮಮ್ಮ ಚೊಂಬು ಕೆಳಗಿಟ್ಟರು. ಗಂಡನ ಹೆಗಲಿನ ಟವೆಲ್ ಎಳೆದು ಕಣ್ಣಿಗೆ ಬಿಗಿದುಕೊಂಡು ಹಲಗೆಯ ಮುಂದೆ ಕೂತೇಬಿಟ್ಟರು. "ನಂಗೆ ಆಟ ಬರಾಕಿಲ್ಲ. ಕೂತ್ಕಳಾದ್ ಬತ್ತದೆ. ಯಾರ್ ಬತ್ತೀರೋ ಬನ್ರಪ್ಪಾ!"

ಇಡೀ ಶಾಲೆ ನಕ್ಕಿತು. ಮೈನ್ಸ್‌ನ ಫಿಟ್ಟರ್ ಚಲಪತಿ ಕಣ್ಣು ಕಟ್ಟಿಕೊಂಡು ಎದುರಿಗೆ ಕೂತರು. ಎದ್ದವರು ಒಬ್ಬೊಬ್ಬರಾಗಿ ಮರಳಿದರು. ಅಂದಿನಿಂದ ಪಂದ್ಯ ನಿಂತಿಲ್ಲ.

ಈ ವರ್ಷ, ಎಂಬತ್ತೊಂಬತ್ತರಲ್ಲಿ, ಕೊನೆಯ ಆಟಕ್ಕೆ ಉಳಿದವರು ಅದೇ ಚಲಪತಿ ಮತ್ತು ಬೂದಿಕೋಟೆಯ ಕದಿರಮ್ಮ. ಹುಟ್ಟಿನಿಂದ ಕಣ್ಣಿಲ್ಲದ ಕದಿರಮ್ಮ ಕುರ್ಚಿಗೆ ಬೆತ್ತ ಹೆಣೆದು ಬದುಕುವ ಹೆಣ್ಣುಮಗಳು. ಇಬ್ಬರ ಮುಂದೆಯೂ ಒಂದೊಂದು ಹಲಗೆ. ನಡೆಯನ್ನು ಬಾಯಲ್ಲಿ ಹೇಳಿ, ಇಬ್ಬರೂ ತಂತಮ್ಮ ಹಲಗೆಯಲ್ಲಿ ನಡೆಸಿಕೊಳ್ಳುವುದು ಇಲ್ಲಿಯ ರೀತಿ. ಕದಿರಮ್ಮನ ಕುದುರೆ ನುಗ್ಗಿತು, ಚಲಪತಿಯ ರಾಜ ಮೂಲೆ ಸೇರಿ ಸೋತ.

"ಕಣ್ ಬಿಚ್ಚಿದ್ರೆ ನಾನೇ ಗೆಲ್ತಿದ್ದೆ" ಎಂದು ಚಲಪತಿ ಪೆಚ್ಚಾಗಿ ನಕ್ಕರು.

"ಬಿಚ್ಚಣ್ಣಾ, ಅದಕ್ಕೇನಂತೆ! ಇನ್ನೊಂದಾಟ ಆಡಾಣ" ಎಂದಳು ಕದಿರಮ್ಮ.

ಚಲಪತಿ ಬಟ್ಟೆ ಬಿಚ್ಚಿ ಆಡಿದರು. ಹೊತ್ತು ಇಳಿಯುವ ತನಕ ಯಾರೂ ಕದಲಲಿಲ್ಲ. ಕೊನೆಗೆ ಇಬ್ಬರದೂ ಸಮ. ಶಾಲೆಯ ಅಂಗಳದಲ್ಲಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೂಗೆದ್ದಿತು. "ಆರುಮುಗಂ ಅಣ್ಣನ್ನ ಕಂಡೋಳಲ್ಲ, ಕೇಳ್ದೋಳು. ಆವತ್ತು ಪಕ್ಕದಲ್ಲೇ ಕೂತವ್ರೆ ಅನ್ನಿಸ್ತು" ಎನ್ನುತ್ತಾಳೆ ಕದಿರಮ್ಮ.

ಕೋದಂಡಪ್ಪ ಈಗ ಧಾರವಾಡದ ಶಾಲೆಯೊಂದಕ್ಕೆ ಹಲಗೆ ಸಿದ್ಧಮಾಡುತ್ತಿದ್ದಾರೆ. ನೀವು ಆರುಮುಗಂ ಅವರನ್ನು ಎಂದಾದರೂ ಸೋಲಿಸಿದ್ದಿರಾ ಎಂದು ಕೇಳಿದರೆ ಹೌಹಾರುತ್ತಾರೆ.

"ಎಲ್ಲಾದ್ರೂ ಉಂಟಾ ಸಾಮಿ! ಒಂದ್ಸಲಾನೂ ಇಲ್ಲ." ಕೈಯಲ್ಲಿದ್ದ ಕುದುರೆಯ ಕಿವಿ ಸವರುತ್ತಾರೆ. "ಆದ್ರೆ ಅಣ್ಣ ಯಾವೂರ್ಗೆ ಹೋದ್ರೂ ಬೇರೆಯವ್ರ ಹಲಗೆ ಮೇಲೆ ಆಡ್ತಿರ್ಲಿಲ್ಲ. ಕಣ್ ಹೋದ್ಮೇಲೆ ಗೆದ್ದ ಆಟ ಅಷ್ಟೂ ನನ್ ಹಲಗೆ ಮೇಲೇ ಗೆದ್ದಿದ್ದು."