ಮದುಮಗನ ಕೈಯ ಕಬ್ಬಿಣ

ನನಗೆ ಬರುತ್ತಿದ್ದ ಮೂರ್ಛೆಯನ್ನು ನಾನು ಒಮ್ಮೆಯೂ ನೋಡಿಲ್ಲ. ಕೂಡ್ಲಿಗಿಯಲ್ಲಿ ಅದನ್ನು ನೋಡದವರು ಕಡಿಮೆ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ, ಹಿಟ್ಟಿನ ಗಿರಣಿಯ ಮುಂದೆ, ಕೊಟ್ಟೂರಿನ ಬಸ್ಸಿನಲ್ಲಿ ನಾನು ನಡೆಸಿಕೊಟ್ಟ ಪ್ರದರ್ಶನಗಳನ್ನು ಮಹಾಜನರು ಟಿಕೆಟ್ಟಿಲ್ಲದೆ ನೋಡಿ, ತಮ್ಮತಮ್ಮಲ್ಲೇ ವಿಮರ್ಶೆ ಮಾಡಿ, ಹೋದ ಸಲಕ್ಕಿಂತ ಈ ಸಲ ಜೋರು ಎಂದು ತೀರ್ಪನ್ನೂ ಕೊಡುತ್ತಿದ್ದರು. ನಾನು ಕಣ್ಣು ಬಿಡುವ ಹೊತ್ತಿಗೆ ಆಟ ಮುಗಿದಿರುತ್ತಿತ್ತು. ಬಾಯಲ್ಲಿ ರಕ್ತದ ರುಚಿ, ಮೈಯೆಲ್ಲ ತುಳಿಸಿಕೊಂಡಂಥ ನೋವು, ಬಲಗೈ ಮುಷ್ಟಿಯಲ್ಲಿ ಯಾರದೋ ಮನೆಯ ಬೀಗದಕೈ.

ಮೂರ್ಛೆ ಬಂದವನ ಕೈಗೆ ಕಬ್ಬಿಣ ಕೊಟ್ಟರೆ ಮೂರ್ಛೆ ನಿಲ್ಲುತ್ತದೆ ಎಂಬುದು ನಮ್ಮ ಕಡೆಯ ಸರ್ವಸಮ್ಮತ ಸಿದ್ಧಾಂತ. ಅದನ್ನು ಅಲ್ಲಗಳೆಯುವುದು ಕಷ್ಟ, ಏಕೆಂದರೆ ಅದು ಪ್ರತಿ ಸಲವೂ ನಿಜವಾಗುತ್ತದೆ. ಮೂರ್ಛೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ತಾನಾಗಿ ನಿಲ್ಲುತ್ತದೆ. ಅಷ್ಟರೊಳಗೆ ಯಾರೋ ಒಬ್ಬರು ಬೀಗದಕೈ ತಂದು ತುರುಕಿರುತ್ತಾರೆ. ಕೀರ್ತಿ ಬೀಗದಕೈಗೆ ಹೋಗುತ್ತದೆ. ಬೀಗದಕೈ ತಂದವನು ವಾರಗಟ್ಟಲೆ ಎದೆ ಉಬ್ಬಿಸಿಕೊಂಡು ತಿರುಗುತ್ತಾನೆ. ಚಪ್ಪಲಿ ಮೂಸಿಸಿದವರೂ, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದವರೂ ಇದೇ ಲೆಕ್ಕದಲ್ಲಿ ಪುಣ್ಯ ಸಂಪಾದಿಸಿದ್ದಾರೆ. ನಾಲಿಗೆ ಕಚ್ಚಿಕೊಳ್ಳಬಾರದೆಂದು ಹಲ್ಲಿನ ನಡುವೆ ಸ್ಟೀಲಿನ ಚಮಚ ತುರುಕಿದ ಒಬ್ಬ ಮಹಾನುಭಾವರು ನನ್ನ ಮುಂದಿನ ಹಲ್ಲನ್ನೇ ಮುರಿದರು. ಹಲ್ಲು ಹೋದರೂ ಜೀವ ಉಳಿಯಿತಲ್ಲ ಎಂದು ನನ್ನ ತಾಯಿಯೇ ಅವರಿಗೆ ಚಹಾ ಮಾಡಿಕೊಟ್ಟಳು. ಆ ಚಹಾದ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ಹುಡುಗತನದಲ್ಲಿ ಬೆನ್ನ ಮೇಲೆ ಬರೆ ಹಾಕಿಸಿದ್ದು, ತಾಯಿತ ಕಟ್ಟಿಸಿದ್ದು, ಉಪ್ಪಿಲ್ಲದ ಪಥ್ಯ ಮಾಡಿಸಿದ್ದು ಇವೆಲ್ಲದರ ಮುಂದಾಳು ನನ್ನ ಸೋದರಮಾವ. ತಂದೆ ಬೇಗ ತೀರಿಕೊಂಡಿದ್ದರಿಂದ ನಮ್ಮ ಮನೆಯ ಹಿರಿತನ ಅವನ ಪಾಲಿಗೆ ಬಂದಿತ್ತು. ಬಿಳಿ ಜುಬ್ಬ, ಹೆಗಲ ಮೇಲೊಂದು ಟವೆಲ್ಲು, ಎಲ್ಲದಕ್ಕೂ ಒಂದು ಉತ್ತರ. ಉತ್ತರ ತಪ್ಪಾದರೆ ಪ್ರಶ್ನೆ ಕೇಳಿದವನದೇ ತಪ್ಪು.

ನಾನು ಪ್ರಾಥಮಿಕ ಶಾಲೆಯ ಮಾಸ್ತರನಾದ ಮೇಲೆ, ತೊಂಬತ್ತರ ದಶಕದ ನಡುವಿನಲ್ಲಿ, ಯಾರಿಗೂ ಹೇಳದೆ ಬಳ್ಳಾರಿಗೆ ಹೋಗಿ ನರರೋಗದ ಡಾಕ್ಟರರೊಬ್ಬರನ್ನು ಕಂಡೆ. ಅವರು ತಲೆಗೆ ವೈರು ಅಂಟಿಸಿ ಒಂದು ಪರೀಕ್ಷೆ ಮಾಡಿಸಿದರು. ಆಮೇಲೆ ಸ್ಕ್ಯಾನು. ಫಿಲ್ಮನ್ನು ಬೆಳಕಿಗೆ ಹಿಡಿದು ಒಂದು ಚುಕ್ಕೆ ತೋರಿಸಿದರು.

"ನೋಡ್ರಿ ಮಾಸ್ತರ್ರೆ, ನಿಮ್ಮ ದೆವ್ವ ಇಲ್ಲೈತಿ. ಸಣ್ಣಾರಿದ್ದಾಗ ತಲಿಗೇರಿದ ಜ್ವರ ಏನರ ಬಂದಿತ್ತೇನು?"

ಬಂದಿತ್ತು. ತಾಯಿ ಈಗಲೂ ಅದನ್ನು ನೆನೆದು ಅಳುತ್ತಾಳೆ. ಆ ಜ್ವರ ಮಿದುಳಿನಲ್ಲಿ ಬಿಟ್ಟುಹೋದ ಕಲೆ ಅದು. ಮಿದುಳು ನಡೆಯುವುದೇ ಸಣ್ಣ ವಿದ್ಯುತ್ತಿನಿಂದ, ಆ ಕಲೆಯ ಸುತ್ತ ಅದು ಒಮ್ಮೊಮ್ಮೆ ಹದ ತಪ್ಪಿ ನುಗ್ಗುತ್ತದೆ, ಆಗ ಮೈ ಬೀಳುತ್ತದೆ ಎಂದರು. ಕೆಲವರಿಗೆ ತಲೆಗೆ ಪೆಟ್ಟು ಬಿದ್ದು ಬರುತ್ತದಂತೆ, ಕೆಲವರಿಗೆ ಹುಟ್ಟುವಾಗ ಉಸಿರು ಕಟ್ಟಿ, ಕೆಲವರಿಗೆ ತೊಳೆಯದ ಸೊಪ್ಪಿನ ಜೊತೆ ಹೊಟ್ಟೆಗಿಳಿದ ಹುಳದ ಮೊಟ್ಟೆ ಮಿದುಳು ಸೇರಿ. ಎಷ್ಟೋ ಮಂದಿಗೆ ಕಾರಣವೇ ಸಿಗುವುದಿಲ್ಲವಂತೆ. ಬಹಳ ಜನಕ್ಕೆ ಗುಳಿಗೆಯಲ್ಲೇ ಹತೋಟಿಗೆ ಬರುತ್ತದೆ. ಒಂದು ಗುಳಿಗೆ ಒಗ್ಗದಿದ್ದರೆ ಇನ್ನೊಂದು, ಅದೂ ಸಾಲದಿದ್ದರೆ ಎರಡು ಕೂಡಿಸಿ. ಯಾವುದಕ್ಕೂ ಜಗ್ಗದಿದ್ದರೆ ಕೆಲವರಿಗೆ ದೊಡ್ಡ ಊರುಗಳಲ್ಲಿ ಆಪರೇಷನ್ನೂ ಉಂಟು. ಬಿದ್ದವನನ್ನು ಪಕ್ಕಕ್ಕೆ ಹೊರಳಿಸಿ, ಕೊರಳಗುಂಡಿ ಸಡಿಲಿಸಿ, ಬಾಯಿಗೆ ಏನನ್ನೂ ತುರುಕದೆ ಕಾಯಬೇಕು; ನಿಲ್ಲದೆ ಹೋದರೆ ಆಸ್ಪತ್ರೆಗೆ ಎತ್ತಿಕೊಂಡು ಓಡಬೇಕು. ಇಷ್ಟೇ. ಇಷ್ಟನ್ನು ಯಾರೂ ಹೇಳದೆ ನನ್ನ ಬೆನ್ನು ಸುಟ್ಟಿದ್ದರು.

"ಒಂದು ಮಾತು ಖರೇ ನೆನಪಿಡ್ರಿ," ಎಂದರು ಡಾಕ್ಟರು. "ಆರಾಮಾತು ಅಂತ ಗುಳಿಗಿ ಒಮ್ಮೆಲೇ ಬಿಡಬ್ಯಾಡ್ರಿ. ಬಿಟ್ರ ಬಡ್ಡಿ ಸಮೇತ ಬರತೈತಿ. ನಿದ್ದಿಗೆಡಬ್ಯಾಡ್ರಿ, ಉಪವಾಸ ಇರಬ್ಯಾಡ್ರಿ."

ಮೊದಲ ಗುಳಿಗೆಗೆ ಒಸಡು ಬಾತುಕೊಂಡಿತು, ಬದಲಿಸಿದರು. ಎರಡನೆಯದು ಒಗ್ಗಿತು. ಮೂರ್ಛೆ ನಿಂತುಹೋಯಿತು. ಊರಿಗೆ ಸ್ವಲ್ಪ ಬೇಸರವೇ ಆಗಿರಬೇಕು.

ಆಗ ಮಾವ ನನಗೆ ಹೆಣ್ಣು ಗೊತ್ತು ಮಾಡಿದ. ತಂಬ್ರಹಳ್ಳಿಯ ಕಡೆಯವರು, ಹುಡುಗಿ ಪಿಯುಸಿ ಓದಿದವಳು. ನನ್ನದು ಒಂದೇ ಷರತ್ತು: ತಾಳಿ ಕಟ್ಟುವ ಮೊದಲು ಹುಡುಗಿಗೆ ನನ್ನ ಕಾಯಿಲೆ ಗೊತ್ತಿರಬೇಕು. ನಾನೇ ಹೋಗಿ ಹೇಳುತ್ತೇನೆಂದೆ. ಮದುವೆಯ ಗಂಡು ಬೀಗರ ಮುಂದೆ ತಾನಾಗಿ ಬಾಯಿ ತೆರೆದರೆ ಅದು ಮೂರ್ಛೆಗಿಂತ ದೊಡ್ಡ ರೋಗವೆಂದು ಹಿರಿಯರೆಲ್ಲ ಕೂಡಿ ತೀರ್ಮಾನಿಸಿದರು. ಮಾವ ಆ ಭಾರವನ್ನು ತಾನೇ ಹೊತ್ತ.

"ಹೇಳಿದಿ ಇಲ್ಲೋ ಮಾವ?"

"ಹೇಳೀನೋ ಮಾರಾಯ. ಎಲ್ಲಾ ಬಿಚ್ಚಿ ಹೇಳೀನಿ. ಅದಕ್ಕೇನೈತಿ ಬಿಡ್ರಿ ಅಂದ್ರು ಬೀಗ್ರು."

"ಹುಡುಗಿಗೆ?"

"ಲೇ, ಹುಡುಗಿ ಏನು ಇನ್‌ಸ್ಪೆಕ್ಟರ್ ಅದಾಳೇನು, ಆಕಿಗೆ ಬ್ಯಾರೆ ರಿಪೋರ್ಟು ಕೊಡಾಕ? ಅಪ್ಪಗ ಹೇಳಿದ್ರ ಆಕಿಗೆ ಹೇಳಿದಂಗ."

ನಮ್ಮ ಕಡೆ ಅರಿಶಿಣ ಹಚ್ಚಿದ ಮದುಮಗನ ಕೈಗೆ ಅಡಕತ್ತರಿ ಕೊಡುತ್ತಾರೆ. ಅಡಿಕೆ ಕತ್ತರಿಸುವ ಕಬ್ಬಿಣದ ಕತ್ತರಿ, ತುದಿಗೊಂದು ನಿಂಬೆಹಣ್ಣು. ಗಾಳಿ ಗ್ರಹ ಸೋಕಬಾರದೆಂದು ತಾಳಿ ಕಟ್ಟುವವರೆಗೂ ಅದನ್ನು ಕೆಳಗಿಡುವಂತಿಲ್ಲ, ಹೊಸ್ತಿಲು ದಾಟುವಂತಿಲ್ಲ. ಅರಿಶಿಣದ ದಿನ ನಾನು ನೀರು ತರಿಸಿಕೊಂಡು ಗುಳಿಗೆ ನುಂಗಲು ಹೋದಾಗ ಮಾವ ಬಂದು ಗುಳಿಗೆಯ ಪೊಟ್ಟಣವನ್ನೇ ಕಸಿದುಕೊಂಡ.

"ಹಿಂಗ ಮಂದಿ ಮುಂದ ನುಂಗ್ತಿಯೇನಲೇ? ಬೀಗರ ಮನ್ಯಾರು ಆಗಲೆ ಬರಾಕ ಹತ್ಯಾರ."

"ಅವರಿಗೆ ಗೊತ್ತೈತಲ್ಲ ಮಾವ, ನೀನೇ ಹೇಳೀಯಲ್ಲ?"

ಮಾವ ಒಂದು ಗಳಿಗೆ ತಡವರಿಸಿ, ಮಹತ್ತರವಾದ ವೈದ್ಯಕೀಯ ಸಂಶೋಧನೆಯೊಂದನ್ನು ಮಂಡಿಸಿದ. "ಕೈಯಾಗ ಕಬ್ಬಿಣ ಹಿಡ್ಕೊಂಡೀಯಲ್ಲ? ಹಗಲು ರಾತ್ರಿ ಕಬ್ಬಿಣ ಕೈಯಾಗಿದ್ರ ಯಾವ ಫಿಟ್ಸ್ ಬರತೈತಿ? ಗುಳಿಗಿ ಯಾತಕ್ಕ?"

ಸುತ್ತ ಕೂತವರೆಲ್ಲ ಹೌದ್ಹೌದು ಎಂದರು. ತರ್ಕ ಸರಿಯಾಗಿಯೇ ಇತ್ತು. ಒಂದು ಬೀಗದಕೈ ಅಷ್ಟು ಕೆಲಸ ಮಾಡುವುದಾದರೆ ಇಡೀ ಅಡಕತ್ತರಿ ಎಷ್ಟು ಮಾಡಬಾರದು? ನಾನು ಕೂಗಾಡಿದೆ. ಅರಿಶಿಣದ ಮೈಯಲ್ಲಿ ಸಿಟ್ಟು ಮಾಡಬಾರದಂತೆ. ಆ ಗುಳಿಗೆ ಬಳ್ಳಾರಿಯ ಅಂಗಡಿ ಬಿಟ್ಟರೆ ಎಲ್ಲಿಯೂ ಸಿಗುತ್ತಿರಲಿಲ್ಲ. ತಾಯಿ ಬಂದು ಗದ್ದ ಹಿಡಿದಳು. "ನಿಮ್ಮ ಮಾವನ ಮಾತು ಮೀರಬ್ಯಾಡೋ ಯಪ್ಪಾ. ತಾಳಿ ಬೀಳೂತನಕ ತಡಕೋ."

ಗುಳಿಗೆ ಮಾವನ ಜುಬ್ಬದ ಜೇಬಿನಲ್ಲಿ ಉಳಿಯಿತು. ಮನೆ ತುಂಬ ನೆಂಟರು, ನಿದ್ದೆಯಿಲ್ಲ. ಮದುವೆಯ ದಿನ ಅಕ್ಷತೆ ಬೀಳುವತನಕ ಉಪವಾಸ. ಡಾಕ್ಟರು ಬೇಡವೆಂದದ್ದನ್ನು ಮನೆಯವರು ಒಂದೂ ಬಿಡದೆ ಶಾಸ್ತ್ರೋಕ್ತವಾಗಿ ನೆರವೇರಿಸಿದರು.

ಹಸಿರು ಚಪ್ಪರದ ಕೆಳಗೆ ನನ್ನ ಮತ್ತು ಹುಡುಗಿಯ ನಡುವೆ ಬಿಳಿಯ ಅಂತರಪಟ ಹಿಡಿದದ್ದು ನೆನಪಿದೆ. ಬಾಜಾ ಬಜಂತ್ರಿ ಜೋರಾದದ್ದು ನೆನಪಿದೆ. ಆಮೇಲಿನದು ಎಂದಿನಂತೆ ಬೇರೆಯವರು ಹೇಳಿದ್ದು. ಬಿದ್ದಾಗ ಅಡಕತ್ತರಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈ ಸೀಳಿ ರಕ್ತ ಜಮಖಾನೆಗೆ ಇಳಿದಿತ್ತಂತೆ. ಕಬ್ಬಿಣ ಕೈಯಲ್ಲೇ ಇತ್ತಾದ್ದರಿಂದ ಸಂಶೋಧಕರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಬ್ಬರು ಬೀಗದಕೈಯನ್ನೂ ತಂದರಂತೆ.

ಕಿವಿ ತೆರೆದಾಗ ಮೊದಲು ಕೇಳಿಸಿದ್ದು ಮಾವನ ದನಿ.

"ಇವತ್ತಿನ ತನಕ ಹುಡುಗಗ ಒಂದು ಸೀನು ಬಂದಿದ್ದಿಲ್ಲರಿ! ಆಕಿ ಎದುರಿಗೆ ಬಂದು ನಿಂತಳು, ಇವ ಬಿದ್ದ. ನೀವs ನೋಡ್ರಿ, ಎಂಥಾ ಕಾಲ್ಗುಣ!"

ಹೆಂಗಸರ ಕಡೆಯಿಂದ ಗುಜುಗುಜು ಎದ್ದಿತು. ನನ್ನನ್ನು ಸುಟ್ಟದ್ದನ್ನು ಸಹಿಸಿಕೊಂಡಿದ್ದೆ. ಆದರೆ ನನ್ನ ಮಿದುಳಿನ ಚುಕ್ಕೆಯನ್ನು, ಆವತ್ತಿನವರೆಗೆ ನನ್ನ ಮುಖವನ್ನೂ ನೆಟ್ಟಗೆ ನೋಡಿರದ ಹೆಣ್ಣಿನ ಹಣೆಗೆ ಅಂಟಿಸುತ್ತಿದ್ದರು. ಈ ಹೆಸರು ಹೊತ್ತು ಆಕೆ ಊರಿಗೆ ಹೋದರೆ ಆಕೆಯ ಬದುಕು ಅಲ್ಲಿಗೆ ಮುಗಿಯಿತು. ಕಚ್ಚಿದ ನಾಲಿಗೆ ದಪ್ಪವಾಗಿತ್ತು. ಆದರೂ ಎದ್ದು ಕೂತು ಹೇಳಿದೆ.

"ನನಗ ಸಣ್ಣಾಂವಿದ್ದಾಗಿಂದ ಫಿಟ್ಸ್ ಅದಾವ. ಗುಳಿಗಿ ತಗೊಂಡು ನಿಂತಿದ್ದವು. ಗುಳಿಗಿ ನಮ್ಮ ಮಾವನ ಜೇಬಿನ್ಯಾಗ ಅದಾವ. ಆ ಹುಡುಗಿ ಸುದ್ದಿಗೆ ಯಾರೂ ಹೋಗಬ್ಯಾಡ್ರಿ."

"ಮೈಮ್ಯಾಲೆ ಖಬರಿಲ್ಲ, ಏನೇನೋ ಬಡಬಡಸತಾನ," ಎಂದು ಮಾವ ನಕ್ಕ.

ಆಗ ನನ್ನ ತಾಯಿ, ಜೀವಮಾನದಲ್ಲಿ ತಮ್ಮನಿಗೆ ಎದುರಾಡದವಳು, ಮುಂದೆ ಬಂದು ಅವನ ಜುಬ್ಬದ ಜೇಬಿಗೆ ಕೈಹಾಕಿ ಗುಳಿಗೆಯ ಪೊಟ್ಟಣವನ್ನು ಎಳೆದು ಎಲ್ಲರಿಗೂ ಕಾಣುವಂತೆ ಹಿಡಿದಳು.

ಹುಡುಗಿಯ ತಂದೆ ಮಾವನ ಕಡೆ ತಿರುಗಿದ. "ಬೀಗ್ರ, ನೀವು ಹುಡುಗಗ ಜರಾ ಪಿತ್ತ ಐತಿ ಅಂದಿದ್ರಿ."

"ಪಿತ್ತನs ಅಲ್ಲೇನ್ರಿ ಮತ್ತ? ಪಿತ್ತ ತಲಿಗೇರಿದ್ರ ಹಿಂಗಾಗತೈತಿ!"

ಅಂದರೆ ಎಲ್ಲವನ್ನೂ ಬಿಚ್ಚಿ ಹೇಳಿದ್ದು ಇಷ್ಟು. ನನಗೆ ಎದ್ದು ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಕಾಲು ನಿಲ್ಲುತ್ತಿರಲಿಲ್ಲ. ಅಷ್ಟರಲ್ಲಿ ಹುಡುಗಿ ಅಂತರಪಟವನ್ನು ಪಕ್ಕಕ್ಕೆ ಸರಿಸಿ, ಓರೆಯಾದ ಬಾಸಿಂಗವನ್ನು ಬಿಚ್ಚಿ ಕೈಯಲ್ಲಿ ಹಿಡಿದು, ನನ್ನ ಎದುರಿಗೆ ಕೂತಳು. ಮದುಮಗಳು ಮಾತಾಡಬಾರದೆಂದು ನಾಲ್ಕೂ ಕಡೆಯಿಂದ ಶ್ ಶ್ ಎಂದರು.

"ಮಾಸ್ತರ್ರೆ, ಇದು ಯಾಕ ಬರತೈತ್ರಿ?"

ನನ್ನ ಕಾಯಿಲೆಯ ಬಗ್ಗೆ ಊರು ಅಷ್ಟು ವರ್ಷ ಮಾತಾಡಿತ್ತು. ಪ್ರಶ್ನೆ ಕೇಳಿದವರು ಇವಳೊಬ್ಬಳೇ. ಜ್ವರದ ಕಥೆ ಹೇಳಿದೆ, ಕಲೆಯ ಕಥೆ ಹೇಳಿದೆ.

"ಮುಟ್ಟಿದ್ರ ಅಂಟತೈತೇನ್ರಿ?"

"ಇಲ್ಲ."

"ಹುಟ್ಟೋ ಮಕ್ಕಳಿಗೆ?"

"ಕೆಲವು ನಮೂನಿವು ಮನೆತನದಾಗ ಬರತಾವಂತ. ನನ್ನದು ಹಂಗಲ್ಲ ಅಂದಾರ ಡಾಕ್ಟ್ರು."

"ಗುಳಿಗಿ ಎಲ್ಲೀತನಕ?"

"ಬಾಳ ವರ್ಷ ತಗೋಬೇಕಂತ. ಕೆಲವರಿಗೆ ಮುಂದ ಡಾಕ್ಟ್ರs ನಿಧಾನಕ ಬಿಡಸ್ತಾರ. ಕೆಲವರಿಗೆ ಕಡೀತನಕ. ನಾನು ನಿಮಗ ಹೇಳ್ಯಾರ ಅಂತ ತಿಳಕೊಂಡಿದ್ದೆ."

"ಗೊತ್ತಾತು ಬಿಡ್ರಿ, ನಿಮ್ಮದೇನೂ ತಪ್ಪಿಲ್ಲ." ಅವಳು ನನ್ನ ಅಂಗೈಯ ಗಾಯ ನೋಡಿದಳು. ತಾಯಿಯ ಕೈಲಿದ್ದ ಪೊಟ್ಟಣ ನೋಡಿದಳು. ಕೊನೆಗೆ ಮಾವನನ್ನು ನೋಡಿದಳು. ಮಾವ ಆ ಗಳಿಗೆಯಲ್ಲೂ ಯಾರಿಗೋ ಪಿತ್ತದ ಲಕ್ಷಣಗಳನ್ನು ವಿವರಿಸುತ್ತಿದ್ದ.

"ನಿಮ್ಮ ರೋಗಕ್ಕ ಗುಳಿಗಿ ಐತಿ ಮಾಸ್ತರ್ರೆ," ಎಂದಳು, ಎಲ್ಲರಿಗೂ ಕೇಳುವಂತೆ. "ನಿಮ್ಮ ಮಾವಗ ಏನೈತ್ರಿ? ನಾ ಬಾಳೇವು ಮಾಡಬೇಕಾದ್ದು ನಿಮ್ಮೊಬ್ಬರ ಜೋಡಿ ಅಲ್ಲ, ಈ ಮನಿ ಜೋಡಿ."

ಆಕೆ ಬಾಸಿಂಗವನ್ನು ತಂದೆಯ ಕೈಗಿಟ್ಟು ಎದ್ದಳು. ಬೀಗರ ಟೆಂಪೊ ಹೊರಟುಹೋಯಿತು. ಕಾಲ್ಗುಣದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ, ಅಷ್ಟು ಮಾತ್ರ ಸಮಾಧಾನ. ಮಾಡಿದ ಅಡುಗೆ ಕೆಡಬಾರದೆಂದು ನೆಂಟರು ಗೋದಿ ಹುಗ್ಗಿ ಉಂಡರು. ಮಾವನೂ ಉಂಡ. ಇಂಥ ಬಾಯಿಬಡಕಿ ತಪ್ಪಿದ್ದು ಒಳ್ಳೆಯದೇ ಆಯಿತು, ಎಲ್ಲಾ ಆ ಅಡಕತ್ತರಿಯ ಮಹಿಮೆ ಎಂದು ಪಂಕ್ತಿಯಲ್ಲಿ ಕೂತು ಹೇಳಿದ. ನಾಲ್ಕು ಜನ ತಲೆಯಾಡಿಸಿದರು.

ಮುಂದಿನ ಸಲ ಬಳ್ಳಾರಿಗೆ ಹೋದಾಗ ಮಾವನ ರೋಗಕ್ಕೆ ಯಾವ ಗುಳಿಗೆ ಎಂಬ ಆಕೆಯ ಪ್ರಶ್ನೆಯನ್ನು ಡಾಕ್ಟರರಿಗೆ ಕೇಳಿದೆ. ಅವರು ಬಹಳ ಹೊತ್ತು ನಕ್ಕರು. ನಾನು ನಗಲಿಲ್ಲ, ಕೂಡ್ಲಿಗಿಯ ಬಸ್ಸು ಹಿಡಿದು ಅದೇ ಮನೆಗೆ ವಾಪಸು ಹೋಗಬೇಕಾದವನು ನಾನು.