ಒಂದು ದಿನದ ಸೇತುವೆ

ಮದುವೆಯಾಗಿ ಧಾರವಾಡದಿಂದ ಬೆಂಗಳೂರಿಗೆ ಬಂದಾಗ, ನಾನು ಸಂಸಾರ ಹೂಡುವುದು ಒಂದು ದ್ವೀಪದಲ್ಲಿ ಎಂದು ಯಾರೂ ಹೇಳಿರಲಿಲ್ಲ. ಬಿಟಿಎಂ ಬಡಾವಣೆಯ ಕೊನೆಯ ಬಸ್ ಸ್ಟಾಪಿನಲ್ಲಿ ಇಳಿದು, ಖಾಲಿ ಸೈಟುಗಳ ನಡುವೆ ನಡೆದು ಹೋದರೆ ಒಂದು ರಾಜಕಾಲುವೆ ಸಿಗುತ್ತಿತ್ತು. ಅಲ್ಲಿ ಅದು ಎರಡಾಗಿ ಕವಲೊಡೆದು, ಹಳೆಯ ಹಳ್ಳಿಯೊಂದನ್ನು ಎರಡೂ ಕಡೆಯಿಂದ ಬಳಸಿಕೊಂಡು ಹೋಗಿ, ಕೆಳಗೆ ಕೆರೆಯ ಹತ್ತಿರ ಮತ್ತೆ ಕೂಡುತ್ತಿತ್ತು. ಆ ಹಳ್ಳಿಯಲ್ಲಿ ನಮ್ಮ ಬಾಡಿಗೆ ಮನೆ. ಮೇಲಿನ ಬಡಾವಣೆಗಳವರು ಬಟ್ಟೆ ಒಗೆದ ನೊರೆಯೆಲ್ಲ ನಮಗೆ ಪ್ರದಕ್ಷಿಣೆ ಹಾಕಿಯೇ ಮುಂದೆ ಹೋಗುತ್ತಿತ್ತು.

ಸರ್ಕಾರದ ನಕ್ಷೆಯಲ್ಲೂ ನಾವು ದ್ವೀಪವೇ. ನಾಲ್ಕೂ ಕಡೆ ನಗರ, ನಡುವೆ ನಾವು ಮಾತ್ರ ಗ್ರಾಮ. ನಲ್ಲಿ ಕೇಳಿದರೆ ನಗರದವರು ಪಂಚಾಯಿತಿಗೆ ಹೋಗಿ ಅನ್ನುತ್ತಿದ್ದರು. ಬೀದಿದೀಪ ಕೇಳಿದರೆ ಪಂಚಾಯಿತಿಯವರು, ಹೇಗೂ ನಗರಕ್ಕೆ ಸೇರಿಬಿಡ್ತೀರಲ್ಲ, ಅವರೇ ಹಾಕ್ತಾರೆ ಬಿಡಿ ಅನ್ನುತ್ತಿದ್ದರು. ಬೇಸಿಗೆಯಲ್ಲಿ ಕಾಲುವೆಯನ್ನು ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟುತ್ತಿದ್ದೆವು. ಮಳೆಗಾಲದಲ್ಲಿ ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಸೀರೆ. ನಾನು ಮೊದಲ ಸಲ ಹಾಗೆ ದಾಟಲು ಹಿಂಜರಿದು ನಿಂತಾಗ, ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದು ಮನೆ ಓನರ್ ಅಜ್ಜಿ ಆಚೆಯಿಂದ ನಕ್ಕಿದ್ದರು.

ಅಜ್ಜಿಯದು ಆ ಹಳ್ಳಿಯ ಹಳೆಯ ಒಕ್ಕಲು ಮನೆತನ. ಹೊಲವೆಲ್ಲ ಬಡಾವಣೆಗೆ ಹೋಗಿ, ಎರಡು ಹಸು, ಒಂದು ಕೊಟ್ಟಿಗೆ ಮತ್ತು ನಮ್ಮಂಥವರಿಗೆಂದು ಸಾಲಾಗಿ ಕಟ್ಟಿಸಿದ ಬಾಡಿಗೆ ಮನೆಗಳು ಉಳಿದಿದ್ದವು. ಹೊಲ ಹೋದರೂ ಗತ್ತು ಹೋಗಿರಲಿಲ್ಲ. ಯಾರು ಬಂದರೂ ಮೊದಲು ಕಾಲಿಗೆ ಒಂದು ಚೊಂಬು ನೀರು ಕೊಡಬೇಕು, ಬಂದವರು ಕೆಸರು ತುಳಿಯಬಾರದು ಎಂಬುದು ಅವರ ಕಟ್ಟಳೆ. ಸಿಲಿಂಡರ್ ಹೊತ್ತು ತರುವವನಿಗೂ ಚೊಂಬು ತಪ್ಪುತ್ತಿರಲಿಲ್ಲ. ಅವನು ಪಾಪ, ಕೆಸರಿನಲ್ಲೇ ಬಂದು, ಕಾಲು ತೊಳೆದು, ಮತ್ತೆ ಕೆಸರಿನಲ್ಲೇ ಹೋಗುತ್ತಿದ್ದ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ನನಗೆ ಆಗ ಏಳು ತಿಂಗಳು, ಚೊಚ್ಚಲು. ಕಾಲುವೆಗೆ ಸೇತುವೆ ಬಂದೀತೇ ಎಂಬುದೇ ನನ್ನ ಹಗಲಿರುಳಿನ ಚಿಂತೆ. ಸೇತುವೆಯಿದ್ದರೆ ಆಟೋ ಬಾಗಿಲಿಗೆ ಬರುತ್ತದೆ, ಜಯನಗರದ ಆಸ್ಪತ್ರೆ ಎಷ್ಟರ ದೂರ? ಇಲ್ಲದಿದ್ದರೆ ತುಂಬಿದ ಬಸಿರಿ ತುಂಬಿದ ಕಾಲುವೆಯನ್ನು ದಾಟುವುದು ಹೇಗೆ? ಗಂಡನನ್ನು ಕೇಳಿದರೆ, ನೋಡೋಣ ತಡಿ, ಎಮ್ಮೆಲ್ಲೆ ಸಾಹೇಬರು ಸದನದಲ್ಲಿ ಪ್ರಶ್ನೆ ಹಾಕ್ಯಾರಂತ, ಅನ್ನುತ್ತಿದ್ದರು. ಅವರಿಗೆ ವಿಧಾನಸೌಧದ ಮೇಲೆ ನನ್ನ ತವರಿನವರ ಮೇಲಿದ್ದುದಕ್ಕಿಂತ ಹೆಚ್ಚು ನಂಬಿಕೆ; ಹೆರಿಗೆಗೆ ಧಾರವಾಡಕ್ಕೆ ಕಳಿಸಲೂ ಒಪ್ಪಿರಲಿಲ್ಲ.

ಸಾಹೇಬರು ಬರುವ ಸುದ್ದಿಯೂ ಬಂತು. ಅಧಿವೇಶನ ಅರ್ಧ ಮುಗಿದಿದೆ, ಭಾನುವಾರ ಬಿಡುವು, ಅಷ್ಟರಲ್ಲಿ ಕ್ಷೇತ್ರದ ಜನರಿಗೆ ಲೆಕ್ಕ ಒಪ್ಪಿಸುತ್ತಾರಂತೆ. ಅಜ್ಜಿಯ ಮಗ ಊರಿನ ಹಿತರಕ್ಷಣಾ ಸಂಘದ ಅಧ್ಯಕ್ಷ. ಶಾಲು, ಪೇಟ, ಹಣ್ಣಿನ ಬುಟ್ಟಿ ಎಂದು ಓಡಾಡಿದ್ದಲ್ಲದೆ, ತಿಲಕ್ ನಗರದ ಶಾಮಿಯಾನದ ಅಂಗಡಿಯಿಂದ ಸನ್ಮಾನದ ಕುರ್ಚಿಯನ್ನೂ ತರಿಸಿದ. ಕೆಂಪು ಮಖಮಲ್ಲು, ಕೈಗೊಂದೊಂದು ಸಿಂಹದ ಮುಖ, ಬೆನ್ನಿಗೆ ನವಿಲು. ರಾಜ್ಯ ಆಳಿದ ಯಾವ ರಾಜನೂ ಅಂಥದರಲ್ಲಿ ಕೂತಿರಲಾರ.

ಉಳಿದದ್ದು ಕಾಲುವೆ. ಅದನ್ನು ಇದ್ದ ಹಾಗೇ ಬಿಡಿ, ಸಾಹೇಬರು ಪಂಚೆ ಎತ್ತಿಕೊಂಡು ದಾಟಲಿ, ಆಗಲೇ ತಿಳಿಯೋದು ಎಂದು ನಾನು ಹೇಳಿದೆ. ಅಜ್ಜಿ ನನ್ನ ಮುಖವನ್ನು, ಹಬ್ಬದ ದಿನ ಅಪಶಕುನ ನುಡಿದವಳನ್ನು ನೋಡುವಂತೆ ನೋಡಿದರು.

"ಬರೋರಿಗೆ ಕೊಚ್ಚೆ ತುಳಿಸೋದಾ? ನಮ್ ವಂಶದಾಗೆ ಇಲ್ಲ ಕಣವ್ವ."

ಅಲ್ಲಿಗೆ ಮುಗಿಯಿತು. ಕೊಟ್ಟಿಗೆಯ ನೆಲದ ಚಪ್ಪಡಿಗಳನ್ನೇ ಮೀಟಿ ಎಬ್ಬಿಸಿದರು. ನೀರಿನಲ್ಲಿ ಸೈಜುಗಲ್ಲು ಪೇರಿಸಿ, ಮೇಲೆ ಚಪ್ಪಡಿ ಹಾಸಿ, ಅಂಚಿಗೆ ಸುಣ್ಣ ಬಳಿದು, ಎರಡೂ ತುದಿಗೆ ಬಾಳೆಕಂದು ಕಟ್ಟಿದರು. ಶನಿವಾರ ಸಂಜೆಯ ಹೊತ್ತಿಗೆ, ಸರ್ಕಾರ ವರ್ಷಗಟ್ಟಲೆ ಯೋಚಿಸಿದ್ದನ್ನು ನಮ್ಮವರು ಮಾಡಿ ಮುಗಿಸಿದ್ದರು. ಅಜ್ಜಿ ಅದರ ಮೇಲೂ ರಂಗೋಲಿ ಎಳೆದರು. ಸೇತುವೆ ಬೇಕೆಂದು ಕೇಳಿಕೊಳ್ಳಲು ಸೇತುವೆ ಕಟ್ಟಿದ ಊರು ಇನ್ನೊಂದಿದ್ದರೆ ನನಗೆ ತೋರಿಸಿ.

ಭಾನುವಾರ ಸಾಹೇಬರು ಕಾರನ್ನು ಆಚೆ ಬಿಟ್ಟು, ಅಪ್ಪಟ ಬಿಳಿ ಶೂ ಹಾಕಿಕೊಂಡು, ಚಪ್ಪಡಿಯ ಮೇಲೆ ನಡೆದು ಬಂದರು. ನಡುವೆ ನಿಂತು ಕೈಬೀಸಿದರು. ಅವರ ಜೊತೆಗೆ ಬಂದಿದ್ದ ಫೋಟೋದವನು ಕ್ಲಿಕ್ಕಿಸಿದ. ಅಜ್ಜಿ ಚೊಂಬು ಹಿಡಿದು ಎದುರು ಹೋದರೆ, ಸಾಹೇಬರು ಶೂ ಎತ್ತಿ ತೋರಿಸಿ, ಒಂದು ಹನಿ ಕೆಸರೂ ಆಗಿಲ್ಲವಲ್ಲಮ್ಮ, ಊರನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದು ಹೊಗಳಿದರು. ಅಜ್ಜಿ ಹಿಗ್ಗಿ ಹೀರೇಕಾಯಿಯಾದರು.

ಸಿಂಹಗಳ ಮೇಲೆ ಕೈಯಿಟ್ಟು ಕೂತು, ಆಮೇಲೆ ಎದ್ದು, ಸಾಹೇಬರು ಅಭ್ಯಾಸಬಲದಿಂದ ನಮ್ಮನ್ನೇ 'ಮಾನ್ಯ ಸಭಾಧ್ಯಕ್ಷರೇ' ಎಂದು ಕರೆದು ಮಾತು ಆರಂಭಿಸಿದರು. ಶೂನ್ಯವೇಳೆಯಲ್ಲಿ ಗುಡುಗಿದ್ದು, ಮಂತ್ರಿಗಳು ತತ್ತರಿಸಿದ್ದು, ಸಭಾತ್ಯಾಗ ಮಾಡಿ ಕ್ಯಾಂಟೀನಿಗೆ ಹೋದದ್ದು, ಎಲ್ಲವನ್ನೂ ವಿವರಿಸಿದರು. ನಮ್ಮ ಸೇತುವೆಯ ಪ್ರಶ್ನೆ ಮುಂದಿನ ವಾರ ಬರುತ್ತದೆ ಅಂದರು. ನಾನು ಹಿಂದಿನ ಸಾಲಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂತು, ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಆಸೆ ಎಂಬುದು ಹಾಗೆ, ಬುದ್ಧಿ ಬೇಡವೆಂದರೂ ಕೈ ಕೇಳುವುದಿಲ್ಲ.

ಮರುದಿನ ಹಸುಗಳು ಕೊಟ್ಟಿಗೆಯ ಮಣ್ಣಿನಲ್ಲಿ ಜಾರತೊಡಗಿದವು. ಅಜ್ಜಿಯ ಮಗ ಚಪ್ಪಡಿಗಳನ್ನು ಕಿತ್ತು ತಂದು ಮತ್ತೆ ಅಲ್ಲೇ ಹಾಸಿದ. ಕುರ್ಚಿಯನ್ನು ಒಯ್ಯಲು ಬಂದ ಶಾಮಿಯಾನದವನು ಕಾಲುವೆ ನೋಡಿ, ನೀರು ಇಳಿದ ಮೇಲೆ ಬರ್ತೀನಿ ಎಂದು ಆಚೆ ದಡದಿಂದಲೇ ವಾಪಸು ಹೋದ. ಆ ವರ್ಷ ನೀರು ಇಳಿಯಲೇ ಇಲ್ಲ. ಅಜ್ಜಿಯ ಮಗ ಬೆಳಗಿನ ಕಾಫಿಯನ್ನು ಸಿಂಹಾಸನದಲ್ಲಿ ಕೂತು ಕುಡಿಯತೊಡಗಿದ.

ಕೆಲವು ದಿನಗಳ ಮೇಲೆ ಸಾಹೇಬರ ಕರಪತ್ರ ಬಂತು. ಬಂತು ಅಂದರೆ, ಜೀಪಿನವರು ಈಚೆ ಬರಲಾಗದೆ ಕಟ್ಟನ್ನು ಆಚೆ ದಡದ ಹುಣಸೆಮರದ ಬುಡದಲ್ಲಿ ಬಿಟ್ಟುಹೋಗಿದ್ದರು. ಕೆಲಸದಿಂದ ಬರುವಾಗ ನನ್ನ ಗಂಡ ಪ್ಯಾಂಟು ಮಡಚಿ, ಕಟ್ಟನ್ನು ತಲೆಯ ಮೇಲಿಟ್ಟುಕೊಂಡು ಕಾಲುವೆ ದಾಟಿ ತಂದರು. ಬಿಚ್ಚಿ ನೋಡಿದರೆ, ಬಣ್ಣದ ಫೋಟೋದಲ್ಲಿ ಸಾಹೇಬರು ಚಪ್ಪಡಿಯ ನಡುವೆ ನಿಂತು ಕೈಬೀಸುತ್ತಿದ್ದಾರೆ. ಕೆಳಗೆ, ಈ ಭಾಗದ ಜನರ ಬಹುಕಾಲದ ಬೇಡಿಕೆಯಾದ ಸೇತುವೆ ಲೋಕಾರ್ಪಣೆಯಾಗಿದೆ ಎಂದು ಅಚ್ಚಾಗಿತ್ತು. ಸೇತುವೆ ಆಗಿದೆ ಎಂಬ ಸುದ್ದಿಯನ್ನು ನನ್ನ ಗಂಡ ಸೊಂಟದವರೆಗೆ ನೆನೆದು ಹೊತ್ತು ತಂದಿದ್ದರು.

ಅಜ್ಜಿಯ ಮಗ ಸಾಹೇಬರ ಆಫೀಸಿಗೆ ಓಡಿದ. ಸಾಹೇಬರೇ ಕಣ್ಣಾರೆ ನೋಡಿ, ಕಾಲಾರೆ ನಡೆದು ಬಂದ ಮೇಲೆ ಪ್ರಶ್ನೆ ಕೇಳೋದು ಏನಿದೆ, ವಾಪಸು ತಗೊಂಡಾಯ್ತು ಎಂದು ಅಲ್ಲಿದ್ದವರು ಹೇಳಿ ಕಳಿಸಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಾಹೇಬರ ಮೇಲೆ ಅರ್ಧ, ಆ ರಂಗೋಲಿಯ ಮೇಲೆ ಅರ್ಧ.

ದಿನ ತುಂಬಿ ನೋವು ಶುರುವಾದದ್ದು ಒಂದು ಬೆಳಿಗ್ಗೆ, ತಿಂಡಿಯ ಹೊತ್ತಿಗೆ. ಹಿಂದಿನ ದಿನದಿಂದ ಮಳೆ. ಕಾಲುವೆ ಕೆಂಪಗೆ, ಎದೆಯ ಮಟ್ಟಕ್ಕೆ ಹರಿಯುತ್ತಿತ್ತು. ಆಟೋದವನು ಆಚೆ ನಿಂತು ಹಾರ್ನ್ ಹೊಡೆಯುತ್ತಿದ್ದ. ಚಪ್ಪಡಿ ಹಾಸಲು ನೀರು ಬಿಡಲಿಲ್ಲ. ಕೊನೆಗೆ ಅಜ್ಜಿಯೇ ಮಗನನ್ನು ಕರೆದು, ಆ ಕುರ್ಚಿ ತತ್ತಾ ಅಂದರು.

ಶಾಸಕರು ಕೂತ ಮಖಮಲ್ಲಿನಲ್ಲಿ ನನ್ನನ್ನು ಕೂರಿಸಿ, ಸೀರೆಯಿಂದ ಸೊಂಟಕ್ಕೆ ಬಿಗಿದು, ನಾಲ್ವರು ಗಂಡಸರು ಹೆಗಲಿಗೆತ್ತಿಕೊಂಡು ನೀರಿಗಿಳಿದರು. ನಡುನೀರಿನಲ್ಲಿ ಒಬ್ಬನ ಕಾಲು ಜಾರಿ ಕುರ್ಚಿ ವಾಲಿತು. ನನ್ನ ಪಾದಕ್ಕೆ ತಣ್ಣನೆಯ ನೀರು ತಾಗಿತು. ಎರಡೂ ಸಿಂಹಗಳ ಬಾಯಿಗೆ ಬೆರಳು ತುರುಕಿ ಹಿಡಿದುಕೊಂಡೆ. ಅಷ್ಟು ಹೆದರಿಕೆ ನನಗೆ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಮಗು, ನಾನು, ಇಬ್ಬರೂ ಇಲ್ಲೇ ಎಂದುಕೊಂಡೆ. ಹೇಗೋ ದಡ ಮುಟ್ಟಿಸಿದರು. ಮಧ್ಯಾಹ್ನ ಮಗಳು ಹುಟ್ಟಿದಳು.

ಸಂಜೆ ಅಜ್ಜಿ ಆಸ್ಪತ್ರೆಗೆ ಬಂದರು. ಅವರ ಸೀರೆ ಎದೆಯವರೆಗೂ ಒದ್ದೆ. ಮಗುವನ್ನು ಮುಟ್ಟಲಿಲ್ಲ. "ನಾನೇ ಕಣವ್ವ ಆ ಚಪ್ಪಡಿ ಹಾಕ್ಸಿದ್ದು," ಅಂದರು.

ಮುಂದಿನ ವರ್ಷ ಮತ್ತೆ ಅಧಿವೇಶನ, ಮತ್ತೆ ನಡುವಿನ ಭಾನುವಾರ, ಮತ್ತೆ ಸಾಹೇಬರು. ಅಜ್ಜಿಯ ಮಗ ಕೊಟ್ಟಿಗೆಯ ಕಡೆ ನೋಡಿದಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. ಒಂದು ಕಲ್ಲೂ ಅಲುಗಲಿಲ್ಲ. ಸಾಹೇಬರ ಕಾರು ಆಚೆ ದಡದಲ್ಲಿ ನಿಂತಿತು. ಇಳಿದು, ಆ ಕಡೆ ಈ ಕಡೆ ನೋಡಿ, ದಾಟೋದು ಎಲ್ಲಿಂದ ಎಂದು ಕೇಳಿದರು. ಈಚೆ ದಡದಲ್ಲಿ ಊರಿಗೆ ಊರೇ ನಿಂತಿತ್ತು. ಅಜ್ಜಿ ನನ್ನ ಮಗಳನ್ನು ಒಂದು ಕಂಕುಳಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಚೊಂಬು ಹಿಡಿದು ನೀರಿನ ಅಂಚಿಗೆ ಬಂದರು.

"ಸೇತುವೆ ಆಗೈತೆ ಅಂತ ನೀವೇ ಅಚ್ಚಾಕ್ಸಿದೀರಲ್ಲ ಸ್ವಾಮಿ, ಅದ್ರ ಮೇಲೇ ಬನ್ನಿ. ಕಾಲಿಗೆ ನೀರಿಟ್ಟಿವ್ನಿ."

ಸಾಹೇಬರು ತಮ್ಮ ಬಿಳಿ ಶೂಗಳನ್ನು ನೋಡಿಕೊಂಡರು.