ಕೂಸು ನೋಡಿ ದೇಶ ಆರಿಸಿದವಳು

“ಮನಿ ತಗೊಂಡು ಏನ್ ಮಾಡ್ಲೋ? ಕೂಸು ಎಲ್ಲಿ ಅದ?” ಎಂದು ಪಕ್ಕದ ಮನೆಯ ಅಕ್ಕ ನನ್ನನ್ನು ತಿವಿದಳು. ಫೋನ್ ಹಿಡಿದಿದ್ದವನು ನಾನು. ವಿಡಿಯೋದಲ್ಲಿ ಜರ್ಮನಿಯ ಹೆಂಗಸು ತನ್ನ ದೊಡ್ಡ ಮನೆ ತೋರಿಸುತ್ತಿದ್ದಳು. ಜರ್ಮನಿಗೋ ಡೆನ್ಮಾರ್ಕಿಗೋ, ಅಕ್ಕ ಒಂದು ವರ್ಷ ಕೂಸು ನೋಡಿಕೊಳ್ಳಲು ಹೋಗಬೇಕಿತ್ತು. ಎರಡೂ ಮನೆಯವರು ಒಪ್ಪಿದ್ದರು.

ವಾಡಿಯ ನಮ್ಮ ಕ್ವಾರ್ಟರ್ಸಿನಲ್ಲಿ ಯಾವ ಮನೆಗೆ ಹೋದರೂ ಅವಳ ಮೊದಲ ಮಾತು “ಕೂಸು ಎಲ್ಲಿ ಅದ?” ಎಂಬುದೇ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆದೇ ಬರುತ್ತಿದ್ದಳು.

ಮೊದಲು ನೋಡಿದ್ದ ಇನ್ನೊಂದು ವಿಡಿಯೋದಲ್ಲಿ ಡೆನ್ಮಾರ್ಕಿನ ಕೂಸು ಅವ್ವನ ತೊಡೆಯ ಮೇಲೆ ನಗುತ್ತಿತ್ತು. ಜರ್ಮನಿಯದು ಬೇರೆ ಕೋಣೆಯಲ್ಲಿ ಒಂದೇ ಸಮನೆ ಅಳುತ್ತಿತ್ತು. ಅದಕ್ಕೆ ಒಂಟಿಯಾಗಿ ಮಲಗುವುದನ್ನು ಕಲಿಸುತ್ತಿದ್ದಾರಂತೆ.

“ನಗೂ ಕೂಸಿನ ಮನಿಗೆ ಹೋಗಕ್ಕಾ, ಆರಾಮ ಇರ್ತಿ” ಎಂದೆ.

“ಅದಕ್ಕ ಅವರವ್ವ ಅದಾಳಲ್ಲೋ ಹುಚ್ಚಾ. ನಾ ಯಾಕ ಬೇಕು?”

ಜರ್ಮನಿಗೇ ಹೋದಳು. ಇಷ್ಟೇ. ಇನ್ನು ಹೇಳುವುದೇನೂ ಇಲ್ಲ.